ಮೂರು ಬಣ್ಣದ ಕೆಸರು

ಕಣ್ಣಕ್ಕನ ಎದುರು ಕೂತು ಮಾತಾಡುವುದು ಎಲ್ಲರಿಗೂ ಒಗ್ಗುವ ಕೆಲಸವಲ್ಲ. ಕೇಳಿಸಿಕೊಳ್ಳುತ್ತಿದ್ದಾಳೆ ಅಂದುಕೊಂಡು ನೀವು ಮನೆಯ ಕಷ್ಟಸುಖ ಹೇಳುತ್ತಾ ಹೋಗುತ್ತೀರಿ. ಅವಳು ನಿಮ್ಮ ಕಣ್ಣಿನ ಕಂದು ಕೆಂಪಿನ ಕಡೆ ವಾಲಿದೆಯೋ ಹಳದಿಯ ಕಡೆ ವಾಲಿದೆಯೋ ಎಂದು ಅಳೆಯುತ್ತಿರುತ್ತಾಳೆ. ತರಕಾರಿ ಅಂಗಡಿಯವನ ಕಣ್ಣು ನೋಡುತ್ತಾ ನಿಂತು ಕೊಳೆತ ಟೊಮೆಟೊ ಕಟ್ಟಿಸಿಕೊಂಡು ಬಂದದ್ದು ಒಂದೆರಡು ಸಲವಲ್ಲ. ಅವಳ ಗಂಡ, ಗಡಿಯಾರ ರಿಪೇರಿ ಮಾಡುವವನು, ಮದುವೆಯ ಹೊಸದರಲ್ಲಿ ಹೆಂಡತಿ ತನ್ನನ್ನು ರೆಪ್ಪೆ ಬಡಿಯದೆ ನೋಡುತ್ತಾಳೆಂದು ಉಬ್ಬಿಹೋಗಿದ್ದನಂತೆ. ಕಾರಣ ತಿಳಿದ ಮೇಲೆ ಪಾಪ, ಗಾಳಿ ಇಳಿಯಿತು.

ಅವಳ ಕೆಲಸ ಕೃತಕ ಕಣ್ಣು ಮಾಡುವುದು. ಕಾಯಿಲೆಯಿಂದಲೋ ಏಟು ಬಿದ್ದೋ ಒಂದು ಕಣ್ಣು ಕಳೆದುಕೊಂಡವರು ಬರುತ್ತಾರೆ. ಉಳಿದ ಕಣ್ಣನ್ನು ನೋಡಿ, ಅದಕ್ಕೆ ಜೋಡಿಯಾಗುವಂತೆ ಬಣ್ಣ ಬೆರೆಸಿ ಇನ್ನೊಂದನ್ನು ಮಾಡಿಕೊಡುತ್ತಾಳೆ. ಆ ಕಣ್ಣಿಗೆ ಏನೂ ಕಾಣುವುದಿಲ್ಲ. ಅದಿರುವುದು ಎದುರಿಗಿರುವವರಿಗಾಗಿ. ಆಸ್ಪತ್ರೆಯ ಹಿಂಭಾಗದಲ್ಲಿ, ಬಟ್ಟೆ ಒಗೆಯುವ ಕೋಣೆಯ ಪಕ್ಕ, ಉತ್ತರಕ್ಕೆ ದೊಡ್ಡ ಕಿಟಕಿಯಿರುವ ಕೋಣೆ ಅವಳದು. ಮೇಜಿನ ಮೇಲೆ ಒಂದು ಗಾಜಿನ ಹಲಗೆ, ಕೂದಲೆಳೆಯಷ್ಟು ಸಣ್ಣ ತುದಿಯ ಕುಂಚಗಳು, ಒಂದು ಭೂತಕನ್ನಡಿ, ಕೆಂಪು ರೇಷ್ಮೆ ದಾರದ ಒಂದು ಉಂಡೆ. ಆ ದಾರದ ಎಳೆ ಬಿಡಿಸಿ ಕಣ್ಣಿನ ಬಿಳಿಯ ಮೇಲೆ ಅಂಟಿಸಿದರೆ ಸಣ್ಣ ರಕ್ತನಾಳವಾಗುತ್ತದೆ. ಟ್ಯೂಬ್‌ಲೈಟ್ ಇದೆ, ಆದರೆ ಬಣ್ಣ ಬೆರೆಸುವಾಗ ಅದನ್ನು ಹಾಕಿದವರನ್ನು ಅವಳು ಸುಮ್ಮನೆ ಬಿಡುವುದಿಲ್ಲ.

ಈ ವಿದ್ಯೆ ಕಲಿಸಿದ ಮೇಷ್ಟ್ರು ಈಗಿಲ್ಲ. ಮಹಾ ಸಿಡುಕಿನ ಮನುಷ್ಯ. ಮೊದಲ ದಿನ ಅವಳ ಮುಂದೆ ಕೆಂಪು, ಹಳದಿ, ನೀಲಿ ಮೂರೇ ಬಟ್ಟಲು ಇಟ್ಟು, ಕಂದು ಮಾಡು ಅಂದರು. ಮೂರನ್ನೂ ಸಮಸಮ ಸುರಿದು ಕಲಸಿದಳು. ಮಳೆಗಾಲದ ರಸ್ತೆಯ ಕೆಸರಿನಂಥದ್ದು ತಯಾರಾಯಿತು. ಮೆಲ್ಲಗೆ ಎದ್ದಳು.

"ಎಲ್ಲಿಗೆ?" ಎಂದರು ಮೇಷ್ಟ್ರು.

"ಕೆಸರಾಗೋಯ್ತು ಸಾರ್. ಚೆಲ್ಲಿ ಬರ್ತೀನಿ."

"ಕೂತ್ಕೋ. ನಿನ್ನ ಕಣ್ಣು ಆ ಕೆಸರಲ್ಲೇ ಇದೆ, ನನ್ನದೂ ಅಲ್ಲೇ ಇದೆ. ಹುಡುಕಿ ತೆಗಿ."

ಹುಡುಕುವುದು ಹೇಗೆಂದು ಹೇಳಿಕೊಟ್ಟಿದ್ದೂ ಅವರೇ. ಕೆಂಪು ಹಳದಿ ಸೇರಿದರೆ ಕಿತ್ತಳೆ. ಆಗ ಹೊರಗೆ ಉಳಿದದ್ದು ನೀಲಿ, ಅದೇ ಕಿತ್ತಳೆಯ ಎದುರಾಳಿ. ಹಳದಿ ನೀಲಿ ಸೇರಿದರೆ ಹಸಿರು, ಅದಕ್ಕೆ ಎದುರಾಳಿ ಕೆಂಪು. ಕೆಂಪು ನೀಲಿ ಸೇರಿ ನೇರಳೆಯಾದರೆ ಹಳದಿ ಎದುರು ನಿಲ್ಲುತ್ತದೆ. "ಯಾವ ಬಣ್ಣ ಜಾಸ್ತಿ ಕುಣೀತಿದೆಯೋ ಅದರ ಎದುರಾಳೀನ ಒಂದು ಚೂರು ಒಳಗೆ ಬಿಡು, ಸುಮ್ಮನಾಗುತ್ತೆ," ಅನ್ನುತ್ತಿದ್ದರು. "ಬಿಳಿ ಹಾಕಿದ್ರೆ ಸುಣ್ಣ ಬಳಿದ ಹಾಗಾಗುತ್ತೆ. ಕಪ್ಪು ಹಾಕಿದ್ರೆ ಸತ್ತೇ ಹೋಗುತ್ತೆ." ಕಪ್ಪಿನ ಡಬ್ಬಿಯನ್ನು ಅವರು ಬೀರುವಿನಲ್ಲಿಟ್ಟು ಬೀಗ ಹಾಕಿರುತ್ತಿದ್ದರು. ಕಣ್ಣಿನ ನಡುವಿನ ಬೊಟ್ಟಿಗೆ ಮಾತ್ರ ಅದು ಹೊರಗೆ ಬರಬೇಕು.

ಅವಳು ಆ ಕೋಣೆಗೆ ಮೊದಲು ಕಾಲಿಟ್ಟಿದ್ದು ಕೆಲಸ ಕಲಿಯಲಿಕ್ಕಲ್ಲ, ತಂಗಿಯ ಕೈ ಹಿಡಿದುಕೊಂಡು. ತಂಗಿಗೆ ನಡೆಯಲು ಬರುವ ಮೊದಲೇ ಒಂದು ಕಾಯಿಲೆ ಬಂದು ಎಡಗಣ್ಣನ್ನು ತೆಗೆಯಬೇಕಾಯಿತು. ಮಗು ಬೆಳೆದ ಹಾಗೆಲ್ಲ ಹೊಸ ಕಣ್ಣು ಬೇಕು. ಅಮ್ಮನಿಗೆ ಆ ಕೋಣೆಯ ವಾಸನೆಗೇ ತಲೆ ಸುತ್ತುತ್ತಿತ್ತು. ಹಾಗಾಗಿ ದೊಡ್ಡವಳೇ ಕರೆದುಕೊಂಡು ಹೋಗುತ್ತಿದ್ದಳು. ತಂಗಿ ಅಳುತ್ತಿದ್ದಳು, ಅಕ್ಕ ಬಾಯಿ ಬಿಟ್ಟುಕೊಂಡು ಮೇಷ್ಟ್ರ ಕುಂಚ ನೋಡುತ್ತಿದ್ದಳು. ಓದು ಮುಗಿದ ಮೇಲೆ ಬೇರೆ ಕೆಲಸ ಹುಡುಕುವ ಯೋಚನೆಯೂ ಬರಲಿಲ್ಲ. ಅವಳ ಕೈ ಪಳಗಿದಂದಿನಿಂದ ತಂಗಿಯ ಕಣ್ಣನ್ನು ಇನ್ನೊಬ್ಬರು ಮುಟ್ಟಿಲ್ಲ.

ಅದೇ ಅವಳ ಜಂಬ. ಹೊರಗೆ ಹೇಳುತ್ತಿರಲಿಲ್ಲ, ಆದರೆ ಇತ್ತು. ತಂಗಿ ಮದುವೆಯ ಪ್ರಾಯದಲ್ಲಿದ್ದಾಗ ಒಂದು ಬಣ್ಣ ಎಷ್ಟು ಚೆನ್ನಾಗಿ ಕೂಡಿಬಂತೆಂದರೆ, ಸ್ವತಃ ಮೇಷ್ಟ್ರೇ ಯಾವುದು ನಿಜದ ಕಣ್ಣೆಂದು ಒಂದು ಗಳಿಗೆ ತಡವರಿಸಿದರು. ಕಣ್ಣಿನ ನಡುವೆ ಕೂರಿಸುವಂಥ ಇನ್ನೊಂದು ಪುಟ್ಟ ಬಿಲ್ಲೆಗೂ ಅದೇ ಬಣ್ಣ ಹಾಕಿ ಮಾದರಿಯೆಂದು ಡ್ರಾಯರಿನಲ್ಲಿ ಹತ್ತಿಯಲ್ಲಿ ಸುತ್ತಿಟ್ಟಳು. ಆಮೇಲೆ ಐದಾರು ವರ್ಷಕ್ಕೊಮ್ಮೆ ಹೊಸ ಕಣ್ಣು ಮಾಡುವಾಗ ಆ ಬಿಲ್ಲೆ ಹೊರಗೆ ಬರುತ್ತಿತ್ತು. ತಂಗಿಯ ಕಣ್ಣನ್ನಾದರೆ ಕಣ್ಣು ಮುಚ್ಚಿಕೊಂಡು ಮಾಡಿಬಿಡುತ್ತೇನೆ ಎಂದು ಗಂಡನ ಮುಂದೆ ಹೇಳಿದ್ದೂ ಉಂಟು.

ಆ ಗಂಡನೇ ಒಂದು ದಿನ ಊಟದ ಹೊತ್ತಿಗೆ ಬಾಯಿ ತಪ್ಪಿದ. ಬುಧವಾರ ಬಸ್ಸುಗಳು ಓಡುವುದಿಲ್ಲವಂತೆ, ನಿನ್ನ ತಂಗಿ ಆ ಹೊಸ ಕ್ಲಿನಿಕ್ಕಿಗೆ ಹೇಗೆ ಹೋಗುತ್ತಾಳೋ ಏನೋ ಎಂದು ತನ್ನಷ್ಟಕ್ಕೆ ಅಂದುಕೊಂಡಂತೆ ಅಂದ. ಆಮೇಲೆ ಅವಸರದಲ್ಲಿ ಸಾರು ಬಡಿಸಿಕೊಂಡ.

"ಯಾವ ಕ್ಲಿನಿಕ್ಕು?"

"ಅದೇ, ಕ್ಯಾಮೆರಾದಲ್ಲಿ ಫೋಟೋ ಹಿಡಿದು ಕಣ್ಣು ಮಾಡ್ತಾರಂತಲ್ಲ. ವಾಚಿನ ಪಟ್ಟಿ ಹಾಕಿಸ್ಕೊಳ್ಳೋಕೆ ಅಂಗಡಿಗೆ ಬಂದಿದ್ಲು, ಆಗ ಹೇಳಿದ್ಲು. ಅಕ್ಕಂಗೆ ಹೇಳ್ಬೇಡಿ ಭಾವ ಅಂದಿದ್ಲು."

ಕಣ್ಣಕ್ಕನಿಗೆ ಊಟ ಸೇರಲಿಲ್ಲ. ಮೊದಲು ಬಂದದ್ದು ಸಿಟ್ಟು. ಪಾತ್ರೆ ತೊಳೆಯುವ ಸದ್ದಿನಲ್ಲೇ ಅದು ಗಂಡನಿಗೆ ತಿಳಿಯಿತು. ಸಿಟ್ಟಿನ ಅಡಿಯಲ್ಲಿದ್ದದ್ದು ಹೆದರಿಕೆ. ತಂಗಿಯೇ ಬೇಡವೆಂದರೆ ಈ ಕೈಗೆ ಇನ್ನೇನು ಬೆಲೆ ಎಂಬ ಹೆದರಿಕೆ. ಮರುದಿನ ಕೆಲಸದಿಂದ ಬೇಗನೆ ಹೊರಟು, ಎರಡು ಬೀದಿ ಆಚೆಯಿದ್ದ ತಂಗಿಯ ಮನೆಯ ಕದ ತಟ್ಟಿದಳು.

ತಂಗಿ ಪ್ರಾಥಮಿಕ ಶಾಲೆಯಲ್ಲಿ ಟೀಚರು. ಬಾಗಿಲು ತೆರೆದವಳು ಮನೆಯೊಳಗೂ ಕಪ್ಪು ಕನ್ನಡಕ ಹಾಕಿಕೊಂಡಿದ್ದಳು.

"ಬಾರಕ್ಕ, ಏನು ಇಷ್ಟು ಬೇಗ?"

"ಬುಧವಾರ ಎಲ್ಲಿಗೆ ಹೊರಟಿದ್ದೀಯ?"

ತಂಗಿ ಕದ ಮುಚ್ಚಿದಳು. "ಭಾವನ ಹೊಟ್ಟೇಲಿ ಒಂದು ಮಾತೂ ನಿಲ್ಲಲ್ಲ ಅಲ್ವಾ."

"ನಿಂತಿದ್ರೆ ಮೂರನೆಯವರ ಬಾಯಿಂದ ಕೇಳ್ತಿದ್ದೆ. ಊರಿಗೆಲ್ಲ ಕಣ್ಣು ಮಾಡ್ಕೊಡೋಳ ಸ್ವಂತ ತಂಗಿ ಇನ್ನೆಲ್ಲೋ ಹೋಗಿ ಮಾಡಿಸ್ಕೊಂಡಳು ಅಂದ್ರೆ, ನಾಳೆ ನಾನು ಯಾವ ಮುಖ ಇಟ್ಕೊಂಡು ಆ ಮೇಜಿನ ಮುಂದೆ ಕೂರ್ಲಿ?"

ತಂಗಿ ಜಗಳಕ್ಕೆ ಬರಲಿಲ್ಲ. ಕುರ್ಚಿ ಎಳೆದುಕೊಂಡು ಕೂತು ನಿಧಾನವಾಗಿ ಹೇಳಿದಳು. ಮುಂದಿನ ಬೆಂಚಿನ ಒಂದು ಹುಡುಗಿಗೆ ಪೆನ್ಸಿಲ್ ಚೂಪು ಮಾಡಿಕೊಡಲು ಬಗ್ಗಿದ್ದಳಂತೆ. ಆ ಮಗು ಅವಳ ಮುಖವನ್ನೇ ನೋಡಿ, "ಮಿಸ್, ನಿಮ್ಮ ಒಂದು ಕಣ್ಣು ಅಕ್ಕನ ಥರ ಇದೆ, ಒಂದು ಅಜ್ಜಿ ಥರ ಇದೆ" ಅಂದಿತಂತೆ.

"ಮಕ್ಕಳು ಏನೋ ಅಂತಾವೆ."

"ಅಂತಾವೆ. ಇದ್ದದ್ದನ್ನೇ ಅಂತಾವೆ. ಆಮೇಲೆ ಇಡೀ ಕ್ಲಾಸು ಒಬ್ಬೊಬ್ಬರಾಗಿ ಬಂದು ನೋಡ್ಕೊಂಡು ಹೋಯ್ತು. ಅವತ್ತಿಂದ ಈ ಕನ್ನಡಕ ಹಾಕ್ಕೊಂಡೇ ಪಾಠ ಮಾಡ್ತಿದ್ದೀನಿ. ಬೋರ್ಡ್ ಮೇಲೆ ನಾನು ಬರೆದಿದ್ದು ನನಗೇ ನೆಟ್ಟಗೆ ಕಾಣಲ್ಲ. ಹೀಗೇ ಆದ್ರೆ ಪಾಠ ಬಿಟ್ಟು ಆಫೀಸಲ್ಲಿ ಏನಾದ್ರೂ ಕೆಲಸ ಕೊಡಿ ಅಂತ ಕೇಳ್ಬೇಕು ಅಷ್ಟೇ."

"ನನಗೆ ಹೇಳಬಾರದಿತ್ತಾ?"

"ಹೇಗೆ ಹೇಳ್ಲಿ? ಪ್ರತಿ ಸಲ ಹೊಸ ಕಣ್ಣು ಹಾಕಿ, ಗಲ್ಲ ಹಿಡಿದೆತ್ತಿ, 'ಮೊದಲಿನ ಹಾಗೇ ಇದೆ ನೋಡು' ಅಂತೀಯ. ನಿನ್ನ ಮುಖ ಅರಳಿರುತ್ತೆ. ಮೊದಲಿನ ಹಾಗೆ ನಾನೇ ಇಲ್ವಲ್ಲಕ್ಕ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಕಣ್ಣಕ್ಕ ಎದ್ದು ದೀಪ ಆರಿಸಿದಳು. ತಂಗಿಯನ್ನು ಕಿಟಕಿಯ ಬಳಿಗೆ ಕರೆದು, ತಾನೇ ಅವಳ ಕನ್ನಡಕ ತೆಗೆದಳು. ಸಂಜೆಯಾದರೂ ಬೆಳಕು ಸಾಕಷ್ಟಿತ್ತು. ಎಡಗಡೆ ತಾನು ಮಾಡಿದ ಕಣ್ಣು, ಬೆಚ್ಚಗಿನ ಕಿತ್ತಳೆ ಮಿಶ್ರಿತ ಕಂದು, ಇಪ್ಪತ್ತರ ಹುಡುಗಿಯದು. ಬಲಗಡೆಯ ಕಣ್ಣಿನಲ್ಲಿ ಆ ಕಿತ್ತಳೆ ಯಾವತ್ತೋ ಇಳಿದುಹೋಗಿತ್ತು. ಕಂದಿನ ಅಂಚಿಗೆ ತೆಳುವಾದ ಬೂದು ಉಂಗುರ ಕಟ್ಟಿತ್ತು. ಬಿಳಿ ಭಾಗ ಹಳೆಯ ಕಾಗದದಂತೆ ಹಳದಿಗೆ ತಿರುಗಿತ್ತು. ಇದು ಒಂದೆರಡು ವರ್ಷದಲ್ಲಿ ಆಗಿದ್ದಲ್ಲವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರು ಯಾರು? ಬೀದಿಯಲ್ಲಿ ಹೋಗುವವರ ಕಣ್ಣನ್ನೆಲ್ಲ ನೋಡಿದ ಅವಳು, ತಂಗಿಯನ್ನು ಎದುರಿಗೆ ಕೂರಿಸಿಕೊಂಡಾಗಲೆಲ್ಲ ಡ್ರಾಯರಿನ ಬಿಲ್ಲೆಯನ್ನಷ್ಟೇ ನೋಡುತ್ತಿದ್ದಳು.

"ನಂದೇ ತಪ್ಪು ಕಣೇ," ಎಂದಳು.

ತಂಗಿ ಅವಳ ಕೈ ಹಿಡಿದು, "ಬುಧವಾರಕ್ಕೆ ಇನ್ನೂ ಟೈಮಿದೆ. ನೀನು ಮಾಡು. ಸರಿಬರದಿದ್ರೆ ಮಾತ್ರ ಹೋಗ್ತೀನಿ, ಆಗ ಮುಖ ಊದಿಸ್ಕೊಂಡು ಕೂರಬಾರದು" ಅಂದಳು. ಕಣ್ಣಕ್ಕ ಒಪ್ಪಿದಳು. ಒಪ್ಪದೆ ಇನ್ನೇನು ಮಾಡುವಂತಿತ್ತು?

ಭಾನುವಾರ ಆಸ್ಪತ್ರೆಯ ಹಿಂಭಾಗದಲ್ಲಿ ಜನರಿರಲಿಲ್ಲ. ಉತ್ತರದ ಕಿಟಕಿಯ ಪಕ್ಕ ತಂಗಿಯನ್ನು ಕೂರಿಸಿ ಕಣ್ಣಕ್ಕ ಗಾಜಿನ ಹಲಗೆಯ ಮೇಲೆ ಬಣ್ಣ ಇಟ್ಟಳು. ಡ್ರಾಯರು ತೆಗೆಯಲಿಲ್ಲ. ಹಳೆಯ ಕಂದು ಅವಳ ಕೈಗೆ ತಾನಾಗಿ ಬಂತು. ಅದನ್ನು ವಯಸ್ಸಾದವರದು ಮಾಡಬೇಕು. ವಯಸ್ಸಾದರೆ ಬಣ್ಣ ತಿಳಿಯಾಗುತ್ತದೆ ಎಂದುಕೊಂಡು ಒಂದು ಚೂರು ಬಿಳಿ ಬೆರೆಸಿದಳು. ಬಿಲ್ಲೆಗೆ ಹಚ್ಚಿ, ಮೇಲೆ ಒಂದು ಹನಿ ನೀರು ಬಿಟ್ಟು ನೋಡಿದಳು. ಕೊನೆಗೆ ಬಣ್ಣದ ಮೇಲೆ ಗಾಜಿನಂಥ ಪದರ ಬರುತ್ತದೆ. ಆಗ ಅದು ಹೇಗೆ ಕಾಣುತ್ತದೆಂದು ಆ ಹನಿ ಮೊದಲೇ ತೋರಿಸಿಬಿಡುತ್ತದೆ. ಹನಿಯ ಕೆಳಗೆ ಕಂಡದ್ದು ಕಣ್ಣಲ್ಲ, ಸುಣ್ಣ. ಒರೆಸಿದಳು. ಬಿಳಿ ಕಡಿಮೆ ಮಾಡಿ ಮತ್ತೆ ಹಚ್ಚಿದಳು. ಆಗಲೂ ಸುಣ್ಣವೇ.

"ಏನಾಯ್ತು?" ಎಂದಳು ತಂಗಿ.

"ಮಾತಾಡ್ಬೇಡ."

ಮೇಷ್ಟ್ರು ಇದ್ದಿದ್ದರೆ ತಲೆಗೆ ಮೊಟಕುತ್ತಿದ್ದರು. ಬಿಳಿ ಹಾಕಬೇಡಿ ಎಂಬುದು ಕಲಿಯಲು ಬಂದವರಿಗೆಲ್ಲ ಅವಳೇ ಹೇಳುವ ಪಾಠ. ತಂಗಿಯ ಕಣ್ಣೆಂದ ಕೂಡಲೇ ಕೈ ಬಿಳಿಯ ಕಡೆ ಹೋಗಿತ್ತು. ಯಾಕೆಂದು ಅವಳಿಗೆ ಗೊತ್ತಿತ್ತು. ಬಿಳಿ ಹಾಕಿದರೆ ಹಳೆಯ ಬಣ್ಣ ಹಾಗೇ ಉಳಿದು, ಸ್ವಲ್ಪ ಮಸುಕಾಗುತ್ತದೆ ಅಷ್ಟೇ. ನೀಲಿ ಹಾಕಿದರೆ ಆ ಕಿತ್ತಳೆ ಹೋಗಿಯೇ ಹೋಗುತ್ತದೆ, ಹಲಗೆಯ ಮೇಲಿಂದ ಅದನ್ನು ವಾಪಸು ತೆಗೆಯಲು ಬರುವುದಿಲ್ಲ. ತಾನು ಕೈ ಹಿಡಿದು ಕರೆತಂದ ಆ ಹುಡುಗಿ ಮುದುಕಿಯಾಗುವುದು ಅವಳಿಗೆ ಬೇಕಿರಲಿಲ್ಲ.

ಕುಂಚದ ತುದಿಯಲ್ಲಿ ನೀಲಿ ಎತ್ತಿಕೊಂಡಳು. ಕಂದಿನ ಗುಪ್ಪೆಯ ಅಂಚಿಗೆ ಮುಟ್ಟಿಸಿ ಕಲಸಿದಳು. ಕಿತ್ತಳೆ ಸದ್ದಿಲ್ಲದೆ ಕೆಳಗಿಳಿಯಿತು. ಬಿಲ್ಲೆಗೆ ಹಚ್ಚಿ, ಹನಿ ಬಿಟ್ಟು, ತಂಗಿಯ ಕಣ್ಣಿನ ಪಕ್ಕ ಹಿಡಿದಳು. ಬಹಳ ಹೊತ್ತು ನೋಡಿದಳು. ಇನ್ನೊಂದು ಚೂರು ಹಳದಿ ಬೇಕು ಎನಿಸಿ ಸೇರಿಸಿದಳು. ಆಮೇಲೆ ಅಂಚಿಗೆ ಆ ಬೂದು ಉಂಗುರ ಎಳೆಯುವಾಗ ಕಣ್ಣು ತುಂಬಿಕೊಂಡು ಕುಂಚದ ತುದಿಯೇ ಕಾಣದಾಯಿತು. ತೋಳಿನಿಂದ ಒರೆಸಿಕೊಂಡು ಮತ್ತೆ ಎಳೆದಳು.

"ಅಳ್ತಿದ್ದೀಯಾ?"

"ಬಣ್ಣದ ಘಾಟು."

"ಮೂವತ್ತು ವರ್ಷದಿಂದ ಇಲ್ಲದ ಘಾಟು," ಎಂದಳು ತಂಗಿ. ಇಬ್ಬರೂ ಒಟ್ಟಿಗೆ ನಕ್ಕರು.

ಪದರ ಹಾಕಿ, ಬಿಸಿಗೆ ಗಟ್ಟಿಯಾಗಿಸಿ, ಉಜ್ಜಿ ಹೊಳಪು ಕೊಡಲು ಮಂಗಳವಾರದವರೆಗೆ ಹಿಡಿಯಿತು. ತಂಗಿ ಶಾಲೆ ಬಿಟ್ಟವಳೇ ಬಂದು ಹೊಸ ಕಣ್ಣು ಹಾಕಿಕೊಂಡಳು. ಕಣ್ಣಕ್ಕ ರೂಢಿಯಂತೆ ಅವಳ ಗಲ್ಲ ಹಿಡಿದೆತ್ತಿದಳು, ಆದರೆ ರೂಢಿಯ ಮಾತು ಆಡಲಿಲ್ಲ. ಕನ್ನಡಿ ಕೊಟ್ಟು ಪಕ್ಕಕ್ಕೆ ಸರಿದು ನಿಂತಳು. ಬುಧವಾರ ಎಲ್ಲಿಗೆ ಎಂದು ಕೇಳುವ ಧೈರ್ಯವಿರಲಿಲ್ಲ.

ತಂಗಿ ಕನ್ನಡಿಯಲ್ಲಿ ನೋಡಿಕೊಂಡಳು. "ಇಷ್ಟು ವಯಸ್ಸಾಗಿದೆಯಾ ನನಗೆ," ಎಂದಳು. ದುಃಖವಿರಲಿಲ್ಲ ಆ ಮಾತಿನಲ್ಲಿ. ಕನ್ನಡಿ ಕೆಳಗಿಟ್ಟು, ಇದ್ದಕ್ಕಿದ್ದಂತೆ ಅಕ್ಕನ ಗಲ್ಲ ಹಿಡಿದು ಅವಳ ಮುಖವನ್ನು ಕಿಟಕಿಯ ಕಡೆ ತಿರುಗಿಸಿದಳು. ಹಾಗೆ ಆ ಕೋಣೆಯಲ್ಲಿ ಯಾರೂ ಅವಳ ಕಣ್ಣು ನೋಡಿರಲಿಲ್ಲ.

"ನಿನಗೂ ಉಂಗುರ ಬಂದಿದೆಯಲ್ಲಕ್ಕ. ನೋಡ್ಕೊಂಡಿದ್ದೀಯಾ?"

"ಇಲ್ಲ," ಎಂದಳು ಕಣ್ಣಕ್ಕ.

ಹೊರಡುವ ಮುಂಚೆ ತಂಗಿ ಹಳೆಯ ಮಾದರಿ ಬಿಲ್ಲೆಯನ್ನು ತನಗೆ ಕೊಡು ಎಂದು ಕೇಳಿ ಇಸಿದುಕೊಂಡಳು. ಬುಧವಾರದ ಬಗ್ಗೆ ಏನೂ ಹೇಳಲಿಲ್ಲ. ಮರುದಿನ ಬೆಳಗಿನಿಂದ ಕಣ್ಣಕ್ಕನಿಗೆ ಯಾವ ಬಣ್ಣವೂ ಕೂಡಿಬರಲಿಲ್ಲ. ಮಧ್ಯಾಹ್ನ ಫೋನು ಬಂದಾಗ ಹಿನ್ನೆಲೆಯಲ್ಲಿ ಮಕ್ಕಳ ಗಲಾಟೆ ಕೇಳಿಸಿತು. ತಂಗಿ ಶಾಲೆಯಲ್ಲೇ ಇದ್ದಳು.

"ಕನ್ನಡಕ ಮನೇಲೇ ಬಿಟ್ಟು ಬಂದಿದ್ದೀನಿ ಅಕ್ಕ. ಆ ಹುಡುಗಿ ನನ್ನನ್ನ ಹತ್ರ ಕರೆದು ನೋಡಿದ್ಲು. 'ಮಿಸ್, ಈಗ ಎರಡೂ ಅಜ್ಜಿ' ಅಂದು ಬರೆಯೋಕೆ ಶುರು ಮಾಡಿದ್ಲು."

ಕಣ್ಣಕ್ಕ ಕುಂಚ ಕೆಳಗಿಟ್ಟಳು. ಆಮೇಲೆ ಕೇಳಿದಳು, "ಯಾವ ಬೆಳಕಲ್ಲಿ ನೋಡಿದ್ಲು?"

"ಕಿಟಕಿ ಪಕ್ಕದಲ್ಲೇ."

"ಹಾಗಾದ್ರೆ ಸರಿಯಾಗೇ ನೋಡಿದಾಳೆ ಬಿಡು," ಎಂದಳು ಕಣ್ಣಕ್ಕ.