ಬೀಗರ ಪಾನಕಕ್ಕೆ ‘ಬ್ಯಾಡ’ ಎಂದವರು

ಕಳೆದ ಭಾನುವಾರ, ಅಕ್ಷತೆಗೆ ಮುನ್ನ, ಮಸ್ಕಿಯ ಒಂದು ಮದುವೆ ಮಂಟಪದ ಬಾಗಿಲಲ್ಲಿ ನನ್ನ ತಮ್ಮ ಒಂದು ಲೋಟ ಪಾನಕವನ್ನು ನಿರಾಕರಿಸಿ, ಸ್ವಂತ ಮಗನ ಮದುವೆಯನ್ನೇ ಅಪಾಯಕ್ಕೆ ತಂದ. ದಿನಾಂಕಕ್ಕೆ ಆಧಾರ: ಲಗ್ನಪತ್ರಿಕೆ. ಗೋಡೆಯ ಕ್ಯಾಲೆಂಡರಿನೊಂದಿಗೆ ತಾಳೆ ನೋಡಿದ್ದೇನೆ. (ಘಟನೆ ನಡೆದದ್ದು ಶನಿವಾರ ಎಂಬುದು ನನ್ನ ಹೆಂಡತಿಯ ವಾದ. ಶನಿವಾರ ನಡೆದದ್ದು ಅರಿಸಿನ.)

ತಮ್ಮ ಬಸವರಾಜ ಸಿಂಧನೂರಿನ ಒಂದು ರೈಸ್ ಮಿಲ್ಲಿನಲ್ಲಿ ಫಿಟ್ಟರ್. ಬಹುಕಾಲ ಕುಡಿದವನು, ಈಗ ಬಿಟ್ಟವನು. ಇದನ್ನು ಬರೆಯಲು ಅವನ ಅನುಮತಿಯಿದೆ. “ಬರಿ ಅಣ್ಣ, ಊರಿಗೆಲ್ಲ ಗೊತ್ತಿರೋದನ್ನ ನೀ ಒಬ್ಬಾವ ಮುಚ್ಚಿಟ್ಟು ಏನ್ ಮಾಡ್ತಿ?” ಎಂದ.

ಮಗನ ಮದುವೆ ನಿಶ್ಚಯವಾದಾಗ ಅವನಿಗೆ ದಿಗಿಲಾಯಿತು. ಮದುವೆಯೆಂದರೆ ನೆಂಟರು, ನೆಂಟರೆಂದರೆ ಒತ್ತಾಯ. ಅದಕ್ಕಾಗಿ ತಾನು ಚಿಕಿತ್ಸೆ ಪಡೆದ ಲಿಂಗಸುಗೂರಿನ ಸಣ್ಣ ವ್ಯಸನಮುಕ್ತಿ ಕೇಂದ್ರಕ್ಕೆ ಮತ್ತೆ ಹೊರಟ. ನಾನೂ ಜೊತೆಗೆ ಹೋದೆ. ಆರೋಗ್ಯ ಸೇವೆಗಳ ನಿವೃತ್ತ ಸಂಶೋಧಕನಿಗೆ ಅವುಗಳ ಗುಣಮಟ್ಟವನ್ನು ಅಳೆಯುವ ಅವಕಾಶ ದಿನಾ ಸಿಗುತ್ತದೆಯೇ?

ನನ್ನ ಮೊದಲ ಪ್ರಶ್ನೆ ಸಹಜವಾಗಿಯೇ ದಿನಾಂಕದ್ದು. ಇವನು ಕುಡಿತ ಬಿಟ್ಟದ್ದು ಎಂದು? ತಮ್ಮ ನಾಗರಪಂಚಮಿ ಎನ್ನುತ್ತಾನೆ, ಅವನ ಹೆಂಡತಿ ಗಣೇಶ ಚೌತಿ ಎನ್ನುತ್ತಾಳೆ. ಯಾವುದು ಸರಿ?

ಆಪ್ತಸಮಾಲೋಚಕಿ ರೇಣುಕಾ ಮೊದಲು ತಮ್ಮನ ಮುಖ ನೋಡಿದರು. ಅವನು ಹೂಂ ಎಂದ ಮೇಲೆಯೇ ಬಾಯಿಬಿಟ್ಟರು.

“ಎರಡೂ ಖರೇ ಸರ್. ಪಂಚಮಿಗೆ ಬಿಟ್ರು, ನಡುವ ಒಮ್ಮೆ ಜಾರಿದ್ರು, ಚೌತಿಗೆ ಮತ್ತ ಬಂದ್ರು. ತಾವಾಗೇ ಬಂದಾರಲ್ಲ ಅಂತ ಚಾ ಕುಡಿಸಿದ್ವಿ.”

“ಬೈಯಲಿಲ್ಲವೇ?”

“ಬೈಯಾಕ ಮನ್ಯಾಗ ಮಂದಿ ಅದಾರಲ್ರೀ.”

ನನ್ನ ಉಳಿದ ಪ್ರಶ್ನೆಗಳು ಅಲ್ಲಿಗೇ ನಿಂತವು. ಏಕೆಂದರೆ ಅವರು ನನ್ನ ಕೈಗೆ ಒಂದು ಸ್ಟೀಲ್ ಲೋಟ ನೀರು ಕೊಟ್ಟು, “ನೀವು ಇವರ ಸೋದರಮಾವ ಆಗ್ರಿ ಸರ್. ಇವರಿಗೆ ಒತ್ತಾಯ ಮಾಡ್ರಿ” ಎಂದರು. ರಿಹರ್ಸಲ್!

ನಾನು ಮಾಡಿದೆ. “ತಗೋ ಲೇ ಬಸ್ಯಾ, ಒಂದು ಗುಟುಕಿಗೆ ಏನಾಗ್ತೈತಿ? ಮಾವನ ಮರ್ಯಾದಿ ಇಡಂಗಿಲ್ಲೇನು?” ನನ್ನೊಳಗೆ ಇಂಥ ಪ್ರತಿಭೆ ಇದ್ದದ್ದು ನನಗೇ ತಿಳಿದಿರಲಿಲ್ಲ. ಕುಡಿತ ಬಿಡಲು ಬಂದು ಪಕ್ಕದಲ್ಲಿ ಕುಳಿತಿದ್ದ ಮುದಗಲ್ಲಿನ ಲಾರಿ ಡ್ರೈವರ್ ಹೇಳಿದ: “ಸರ್, ನೀವು ನಮ್ಮ ದೋಸ್ತ ಆಗಿದ್ರ ನಾವ್ಯಾರೂ ಬಿಡ್ತಿದ್ದಿಲ್ಲ.”

ತಮ್ಮ ಉತ್ತರಿಸಬೇಕಾದ ಕ್ರಮ ಹೀಗೆ: ಒಂದು ಅಂಗೈ ಲೋಟದ ಬಾಯಿಗೆ ಅಡ್ಡ, ಇನ್ನೊಂದು ಎದೆಯ ಮೇಲೆ. “ಬ್ಯಾಡ್ರೀ. ಇವತ್ತೂ ಬ್ಯಾಡ, ನಾಳೆನೂ ಬ್ಯಾಡ. ಒತ್ತಾಯ ಮಾಡಬ್ಯಾಡ್ರಿ.” ಆಮೇಲೆ ಪಾತ್ರ ಬದಲು: ಅವನು ಮಾವ, ನಾನು ‘ಬ್ಯಾಡ್ರೀ’. ವಾಪಸಾಗುವಾಗ ಬಸ್ಸಿನಲ್ಲೂ ನೀರಿನ ಬಾಟಲಿ ಹಿಡಿದು ಅಭ್ಯಾಸ ಮಾಡಿದೆವು. (ಕಂಡಕ್ಟರ್ ನಮ್ಮಿಂದ ದೂರವೇ ನಿಂತಿದ್ದ.)

ಮದುವೆಯ ದಿನ ದಿಬ್ಬಣ ಬಾಗಿಲಿಗೆ ಬಂತು. ಹೆಣ್ಣಿನ ತಂದೆ ಅಮರೇಶಪ್ಪ ಕಾಲಿಗೆ ನೀರು ಕೊಟ್ಟು, ಸಂಪ್ರದಾಯದಂತೆ ಬೆಲ್ಲದ ಪಾನಕದ ಲೋಟವನ್ನು ಸ್ವತಃ ಮುಂದೆ ಹಿಡಿದರು. ತಮ್ಮನ ಒಂದು ಅಂಗೈ ಅಡ್ಡ ಬಂತು, ಇನ್ನೊಂದು ಎದೆಗೆ ಹೋಯಿತು. “ಬ್ಯಾಡ್ರೀ. ಇವತ್ತೂ ಬ್ಯಾಡ, ನಾಳೆನೂ ಬ್ಯಾಡ. ಒತ್ತಾಯ ಮಾಡಬ್ಯಾಡ್ರಿ.”

ಬ್ಯಾಂಡು ನಿಂತಿತು. ಬಾಗಿಲ ಪಾನಕವನ್ನು ಒಲ್ಲೆನೆಂದರೆ ಸಂಬಂಧವನ್ನೇ ಒಲ್ಲೆನೆಂದಂತೆ. ಹೆಣ್ಣಿನ ಅಜ್ಜಿ ಹುಲಿಗೆಮ್ಮ ಮುಂದೆ ಬಂದರು.

“ಪಾನಕ ಬ್ಯಾಡೋ, ಹುಡುಗಿ ಬ್ಯಾಡೋ? ಈಗ ಹೇಳಿಬಿಡ್ರಿ, ಅಕ್ಕಿಕಾಳು ಇನ್ನೂ ಬಿದ್ದಿಲ್ಲ.”

ಮದುಮಗ ಬಾಸಿಂಗದೊಳಗಿಂದ ಅಪ್ಪನನ್ನು ದಿಟ್ಟಿಸಿದ. ಅತಿಥಿಯಾಗಿ ಬಂದಿದ್ದ ರೇಣುಕಾ ಒಂದು ಮಾತು ಹೇಳಿದ್ದರೆ ಎಲ್ಲವೂ ತಿಳಿಯಾಗುತ್ತಿತ್ತು. ಹೇಳಲಿಲ್ಲ. ತಮ್ಮನ ಕಣ್ಣಿಗೆ ಬೀಳುವಂತೆ ಎದುರು ಬಂದು ನಿಂತರು, ಅಷ್ಟೇ. ಅದು ಅವನು ಹೇಳಬೇಕಾದ ಮಾತು.

ಅವನೇ ಹೇಳಿದ. “ಬೀಗರ, ನಾ ಕುಡೀತಿದ್ದೆ. ಬಿಟ್ಟೀನಿ. ಈಗ ಗಿಲಾಸು ಎದುರಿಗೆ ಬಂದ್ರ ಕೈ ತಾನ ಅಡ್ಡ ಹೋಗ್ತೈತಿ. ಪಾನಕ ಅಂತ ಕೈಗೆ ಗೊತ್ತಾಗಲಿಲ್ಲ.”

ಅಮರೇಶಪ್ಪ ಲೋಟವನ್ನೊಮ್ಮೆ, ಬೀಗರನ್ನೊಮ್ಮೆ ನೋಡಿದರು. ನಂತರ ನಕ್ಕರು. “ನಮ್ಮ ಕಡೆನೂ ಇಬ್ಬರು ಅದಾರ. ಅವರ ಕೈಗೂ ಇಷ್ಟು ಕಲಿಸಿ ಹೋಗ್ರಿ.”

“ಕುಡಿಯಪ್ಪ, ಬರೇ ಬೆಲ್ಲ” ಎಂದರು ಹುಲಿಗೆಮ್ಮ. ತಮ್ಮ ಕುಡಿದ, ಮತ್ತೊಂದು ಲೋಟ ಕೇಳಿದ. ಬ್ಯಾಂಡು ಶುರುವಾಯಿತು. ನಮಗೆ ತಿಳಿದಂತೆ ಮೊದಲ ಬಾರಿಗೆ ಅವನು ಎಚ್ಚರದಲ್ಲಿ ಕುಣಿದ. “ಕುಡದಾಗ ಇದಕ್ಕಿಂತ ಛಲೋ ಕುಣೀತಿದ್ರಿ” ಎಂದ ಅವನ ಹೆಂಡತಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು. ಊಟದ ನಂತರ ನಮ್ಮ ನಿಜವಾದ ಸೋದರಮಾವ ನಿಜವಾದ ಬಾಟಲಿಯೊಂದಿಗೆ ಬಂದವರು, “ಇವ ಯಾಕೋ ಶಾಲಿ ಹುಡುಗರಂಗ ಪಾಠ ಒಪ್ಪಿಸ್ತಾನ” ಎಂದು ಗೊಣಗುತ್ತ ಹಿಂದಿರುಗಿದರು.

ಗುಣಮಟ್ಟವೆಂದರೆ ನಾವು ಹಾಸಿಗೆ ಎಣಿಸುತ್ತೇವೆ, ಔಷಧಿ ಎಣಿಸುತ್ತೇವೆ. ಎಣಿಸಬೇಕು. ಆದರೆ ಜಾರಿ ಬಂದವನಿಗೆ ಕೊಟ್ಟ ಚಹಾವನ್ನು ಯಾವ ಇಂಡಿಕೇಟರಿನಲ್ಲಿ ಬರೆಯುವುದು? ಮಂಟಪದ ಬಾಗಿಲಲ್ಲಿ ಆಡದೆ ಉಳಿಸಿದ ಮಾತನ್ನು?

ಇಲ್ಲಿಗೆ ಅಂಕಣ ಮುಗಿದಿತ್ತು. ಅಭ್ಯಾಸಬಲದಿಂದ ಮದುವೆಯ ವಿಡಿಯೊದೊಂದಿಗೆ ತಾಳೆ ನೋಡಿದೆ. ನನ್ನ ನೆನಪಿಗೂ ದಾಖಲೆಗೂ ಹೊಂದಾಣಿಕೆಯಿಲ್ಲ. ಅಮರೇಶಪ್ಪ ಲೋಟವನ್ನು ಮೊದಲು ಹಿಡಿದದ್ದು ಮನೆಯ ಹಿರಿಯನ ಮುಂದೆ, ಅಂದರೆ ಹುಟ್ಟಿದಂದಿನಿಂದ ಹೆಂಡದ ಹನಿ ಮುಟ್ಟದ ನನ್ನ ಮುಂದೆ. ಒಂದು ಅಂಗೈ ಅಡ್ಡ, ಇನ್ನೊಂದು ಎದೆಯ ಮೇಲೆ, ಪೂರ್ತಿ ವಾಕ್ಯ: ಎಲ್ಲವೂ ನನ್ನದೇ. ತಮ್ಮನ ಸರದಿ ಬಂದದ್ದು ಆಮೇಲೆ.

ಅವನಿಗೆ ತೋರಿಸಿದೆ. “ನನಗ ಅವತ್ತೇ ಗೊತ್ತಿತ್ತು ಅಣ್ಣ” ಎಂದ. “ಹಿರಿಯಾವ ಬ್ಯಾಡ ಅಂದ ಮ್ಯಾಲ ಕಿರಿಯಾವ ಹೆಂಗ ಕುಡೀಲಿ?”

ಹಾಗಾದರೆ ಅಂದು ಬೀಗರ ಎದುರು ಸಮಜಾಯಿಷಿ ಕೊಡಬೇಕಾಗಿದ್ದವನು ಯಾರು?