ಕಂಪ್ಯೂಟರ್ ನಂಬಿದ ಸೋಮಶೇಖರಪ್ಪ

ಬಣಕಲ್ ಹತ್ತಿರ ಕಾಫಿ ತೋಟ ಮಾಡಿಕೊಂಡಿರುವ ಸೋಮಶೇಖರಪ್ಪ ನನ್ನ ಷಡ್ಡಕ. ಅವನಷ್ಟು ಅನುಮಾನದ ಪ್ರಾಣಿಯನ್ನು ನಾನು ಕಂಡಿಲ್ಲ. ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ, ಕೆಟ್ಟ ಕಪ್ಪು ಬೀಜ ಆಯ್ದು ತೆಗೆಯುವ ಯಂತ್ರ ಬಂದಾಗ, ಅದು ಆಯ್ದ ಮೇಲೂ ಹೆಂಗಸರನ್ನು ಕೂರಿಸಿ ಇನ್ನೊಮ್ಮೆ ಕೈಯಲ್ಲಿ ಆಯಿಸಿದವನು. ಯಂತ್ರಕ್ಕೇನು ಗೊತ್ತು ಮಣ್ಣು ಎಂದು ಬೈದದ್ದನ್ನು ನಾನೇ ಕೇಳಿದ್ದೇನೆ. ಈ ಜಾಣತನವೆಲ್ಲ ಕಾಫಿ ಬೀಜಕ್ಕೆ ಮಾತ್ರ. ಹೆಂಡತಿಯ ವಿಷಯಕ್ಕೆ ಬಂದರೆ, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಗಿರಾಕಿ.

ಅವನ ಹೆಂಡತಿ, ಅಂದರೆ ನನ್ನ ಹೆಂಡತಿಯ ತಂಗಿ ಪ್ರೇಮಕುಮಾರಿಗೆ 2005ರಲ್ಲಿ ಒಂದು ಕಣ್ಣು ಮಂಜಾಯಿತು. ಮಂಗಳೂರಿನಲ್ಲಿ ಎಂಆರ್‌ಐ ಮಾಡಿಸಿದರು. ಮಿದುಳಿನಲ್ಲಿ ಬಿಳಿ ಮಚ್ಚೆಗಳಿದ್ದವು. ನರಗಳ ಹೊದಿಕೆ ಹಾಳಾಗುವ ರೋಗ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂದರು ಡಾಕ್ಟರು. ಕಣ್ಣು ಹೇಗೋ ಸರಿಹೋಯಿತು. ಮರುವರ್ಷ ಮತ್ತೆ ಸ್ಕ್ಯಾನ್ ಆಯಿತು. ಹಳೆಯ ಚಿತ್ರದ ಜೊತೆ ಹೊಸದನ್ನು ಹೋಲಿಸಿ, ಹೊಸ ಮಚ್ಚೆಗಳನ್ನು ತಾನೇ ಗುರುತಿಸುವ ಕೃತಕ ಬುದ್ಧಿಯ ಪ್ರೋಗ್ರಾಮೊಂದನ್ನು ಆಗ ಆ ಆಸ್ಪತ್ರೆಯಲ್ಲಿ ಪರೀಕ್ಷಿಸುತ್ತಿದ್ದರು. ಹೊಸದೇನೂ ಇಲ್ಲ ಎಂದಿತು ಅದು. ಇದು ಇನ್ನೂ ಪ್ರಯೋಗ, ನೋಡಿರುವುದು ಮಿದುಳನ್ನು ಮಾತ್ರ, ಬೆನ್ನುಹುರಿಯನ್ನಲ್ಲ, ಕಾಲಿನ ಬಲ ಕುಂದಿದರೆ ಅವತ್ತೇ ಕರೆದುಕೊಂಡು ಬನ್ನಿ ಎಂದು ಡಾಕ್ಟರು ಬಿಡಿಸಿ ಬಿಡಿಸಿ ಹೇಳಿದರು. ಜೊತೆಗೆ ಹೋಗಿದ್ದ ನನಗೂ ಕೇಳಿಸಿತು. ಸೋಮಶೇಖರಪ್ಪನ ಕಿವಿಗೆ ಬಿದ್ದದ್ದು ಕಂಪ್ಯೂಟರಿನ ಮಾತೊಂದೇ.

ಸ್ವಲ್ಪ ದಿನಕ್ಕೇ ಪ್ರೇಮಕುಮಾರಿ ಬಲಗಾಲು ಎಳೆಯತೊಡಗಿದಳು. ಕಾಲಿನಿಂದ ಚಪ್ಪಲಿ ಕಳಚಿದರೂ ಅವಳಿಗೆ ತಿಳಿಯುತ್ತಿರಲಿಲ್ಲ.

"ಕಂಪ್ಯೂಟರೇ ಏನೂ ಇಲ್ಲ ಅಂದಿದೆ, ಇವಳದ್ದೆಂತ ರಾಗ ಮಾರಾಯ" ಎಂದು ಸೋಮಶೇಖರಪ್ಪ ಅವಳೆದುರೇ ನನಗೆ ಹೇಳಿ ನಕ್ಕ.

ಕಾಫಿ ಹಣ್ಣಿನ ಕೊಯ್ಲು ಮುಗಿಯಲಿ ನೋಡೋಣ ಎಂದ. ನಾನು ಕರೆದುಕೊಂಡು ಹೋಗುತ್ತೇನೆ ಎಂದರೆ, ನಿನ್ನ ಹೆಂಡತಿಯನ್ನು ನೋಡಿಕೋ ಸಾಕು ಎಂದ. ಅವನ ಮುಖ ನೋಡಲೂ ನನಗೆ ಹೇಸಿಗೆಯಾಯಿತು.

ಕೊನೆಗೆ ಅವಳು ಬಚ್ಚಲಲ್ಲಿ ಬಿದ್ದು ಏಳಲಾರದೆ ಹೋದ ಮೇಲೆ ದೊರೆ ಅವಳನ್ನು ಕರೆದುಕೊಂಡು ಆಸ್ಪತ್ರೆಗೆ ಹೊರಟ. ಈ ಸಲ ಬೆನ್ನುಹುರಿಯ ಸ್ಕ್ಯಾನ್ ಮಾಡಿದರು. ಉದ್ದದ ಬಿಳಿ ಗಾಯ, ಡಾಕ್ಟರು ಬೆರಳಿಟ್ಟು ತೋರಿಸಿದರು. ಆಗ ಈ ಮಹಾಶಯ ಕೇಳಿದ್ದೇನು ಗೊತ್ತೇ? ಇದನ್ನು ಕಂಪ್ಯೂಟರಿಗೂ ಒಮ್ಮೆ ತೋರಿಸಿ ಕೇಳುತ್ತೀರಾ ಎಂದು.

ಡಾಕ್ಟರು ಅವನಿಗೆ ಉತ್ತರ ಕೊಡಲು ಹೊರಟರು. ಪ್ರೇಮಕುಮಾರಿ ಗಾಲಿಕುರ್ಚಿಯಿಂದಲೇ ಕೈ ಎತ್ತಿ ತಡೆದಳು.

"ಅವ್ರ ಹತ್ರ ಮಾತಾಡ್ಬೇಡಿ ಡಾಕ್ಟ್ರೇ. ಕಾಲು ನಂದು. ನನ್ನ ಕೇಳಿ."

ಡಾಕ್ಟರು ಅವಳ ಕಡೆ ತಿರುಗಿ ಕೂತರು. ಔಷಧಿ ಕೊಟ್ಟರು, ಆದರೆ ತಡವಾಗಿತ್ತು, ಕಾಲಿನ ಬಲ ಪೂರ್ತಿ ಮರಳಿ ಬರಲಿಲ್ಲ. ಅವಳು ಇವತ್ತಿಗೂ ಕೋಲು ಹಿಡಿದೇ ನಡೆಯುತ್ತಾಳೆ. ಆಸ್ಪತ್ರೆಗೆ ಹೋಗುವ ದಿನ ಅವನನ್ನು ಮನೆಯಲ್ಲೇ ಬಿಟ್ಟು ಹೊರಡುತ್ತಾಳೆ.