ಬಕೆಟ್ಟಿನ ಜವಾಬ್ದಾರರು

ಟ್ಯಾಂಕರಣ್ಣನಿಗೆ ಹೇಸಿಗೆ ಜಾಸ್ತಿ. ಈ ಮಾತು ಕೇಳಿದವರು ನಗುತ್ತಾರೆ, ಏಕೆಂದರೆ ಅವರ ಕೆಲಸ ಊರಿನ ಸೆಪ್ಟಿಕ್ ಟ್ಯಾಂಕುಗಳನ್ನು ಖಾಲಿ ಮಾಡುವುದು. ಹತ್ತೊಂಬತ್ತು ವರ್ಷದಿಂದ ಸಕ್ಕಿಂಗ್ ಲಾರಿ ಓಡಿಸುತ್ತಿದ್ದಾರೆ. ಅವರ ನಿಜವಾದ ಹೆಸರು ಈಗ ಬ್ಯಾಂಕಿನವರಿಗೆ ಮಾತ್ರ ಬೇಕು. ಆದರೆ ಮನೆಯ ಸಿಂಕಿನ ಜಾಲರಿಯಲ್ಲಿ ಒಂದು ಕೂದಲು ಕಂಡರೆ ಊಟ ಬಿಟ್ಟು ಏಳುವವರು ಅವರೇ. ಸಂಜೆ ಕೆಲಸದಿಂದ ಬಂದರೆ ಮೊದಲು ಹಿತ್ತಲ ನಲ್ಲಿ. ಮೊಣಕೈವರೆಗೆ ಮೂರು ಸಲ ಸೋಪು, ಉಗುರಿನ ಸಂದಿಗೆ ಹಳೆಯ ಹಲ್ಲುಜ್ಜುವ ಬ್ರಷ್ಷು, ಆಮೇಲೆ ಬಟ್ಟೆ ಬಿಚ್ಚಿ ಬೇರೆ ಬಕೆಟ್ಟಿಗೆ. ಅಷ್ಟಾದ ಮೇಲೇ ಹೊಸ್ತಿಲು ದಾಟುವುದು.

"ಗುಂಡಿಯಲ್ಲಿರೋದು ಅಸಹ್ಯ ಅಲ್ಲ," ಅನ್ನುತ್ತಾರೆ ಅವರು. "ಅದು ಇರಬೇಕಾದ ಜಾಗದಲ್ಲೇ ಇದೆ. ಅದರೊಳಗೆ ಜನ ಏನೇನು ತುರುಕ್ತಾರಲ್ಲ, ಅದು ಅಸಹ್ಯ."

ಸಿಂಕಿಗೆ ಸುರಿದ ಎಣ್ಣೆ ಹೆಪ್ಪುಗಟ್ಟಿ, ಬಿಳಿ ಹಲಗೆಯಂತೆ ಮೇಲೆ ತೇಲುತ್ತಿರುತ್ತದೆ. ಡೈಪರುಗಳು ಊದಿಕೊಂಡು ದಿಂಬಿನಷ್ಟಾಗಿ ಪೈಪಿನ ಬಾಯಿಗೆ ಕಚ್ಚಿಕೊಳ್ಳುತ್ತವೆ. ಕೊಕ್ಕೆ ಹಾಕಿ ಕೀಳಬೇಕು. ಬ್ಲೇಡು, ಕೂದಲಿನ ಉಂಡೆ, ಒಮ್ಮೆ ಒಂದು ಇಡೀ ಹಲ್ಲಿನ ಸೆಟ್ಟು. ಅದರ ಒಡೆಯರು ಸೆಟ್ಟನ್ನು ತೊಳೆಸಿಕೊಂಡು ಒಳಗೆ ಹೋಗಿ, ಐದು ನಿಮಿಷದಲ್ಲಿ ಅದೇ ಹಲ್ಲು ಬಿಟ್ಟು ನಗುತ್ತಾ ಹೊರಬಂದರಂತೆ. ಅದನ್ನು ಹೇಳುವಾಗ ಟ್ಯಾಂಕರಣ್ಣ ಈಗಲೂ ಕಣ್ಣು ಮುಚ್ಚಿಕೊಳ್ಳುತ್ತಾರೆ.

ಅವರದೊಂದು ಪದ್ಧತಿ ಇದೆ. ಮುಚ್ಚಳ ಎತ್ತಿದ ಮೇಲೆ ಮನೆಯ ಯಜಮಾನರು ಬಂದು ಇಣುಕಿ ನೋಡಬೇಕು, ಕೆಲಸ ಮುಗಿದ ಮೇಲೆ ಇನ್ನೊಮ್ಮೆ. ಮೊದಮೊದಲು 'ಅರ್ಧ ಬಿಟ್ಟು ಹೋದೆ' ಎಂಬ ತಕರಾರು ತಪ್ಪಿಸಲು ಶುರುವಾದದ್ದು. ಈಗ ಕಾರಣ ಬೇರೆ. "ನೋಡ್ಲಿ, ಅವರದ್ದೇ ತಾನೆ?" ಯಜಮಾನರು ಕರ್ಚೀಫು ಒತ್ತಿಕೊಂಡು ಅರೆಗಣ್ಣಲ್ಲಿ ಇಣುಕುತ್ತಾರೆ. ನಂತರ ಟ್ಯಾಂಕರಣ್ಣನಿಗೆ ಕಾಗದದ ಲೋಟದಲ್ಲಿ ನೀರು ಬರುತ್ತದೆ, ಕೈಗಲ್ಲ, ಕಾಂಪೌಂಡಿನ ಮೇಲೆ. ಆ ನೀರನ್ನು ಅವರು ಯಾವತ್ತೂ ಕುಡಿದಿಲ್ಲ. ಲಾರಿಯಲ್ಲಿ ಅವರದೇ ಬಾಟಲಿ ಇದೆ.

ಇಷ್ಟೂ ಅವರಿಗೆ ಅಭ್ಯಾಸವಾಗಿತ್ತು. ಅಭ್ಯಾಸವಾಗದ್ದು ಮಗಳ ವಿಷಯ. ಹನ್ನೊಂದರ ಹುಡುಗಿ. ಹೋದ ವರ್ಷದವರೆಗೂ ಶನಿವಾರ ಲಾರಿಯ ಮುಂದಿನ ಸೀಟಿನಲ್ಲಿ ಕೂತು, ಮಳೆ ಇಲ್ಲದಿದ್ದರೂ ವೈಪರ್ ಹಾಕುತ್ತಿದ್ದಳು. ಒಂದು ದಿನ ಸಿಗ್ನಲ್ಲಿನಲ್ಲಿ ಪಕ್ಕದ ಶಾಲಾ ವ್ಯಾನಿನಿಂದ ಅವಳ ತರಗತಿಯವಳೊಬ್ಬಳು ಮೂಗು ಹಿಡಿದು ತೋರಿಸಿದಳು. ಮುಂದಿನ ಶನಿವಾರದಿಂದ ಮಗಳಿಗೆ ಹೋಂವರ್ಕ್ ಜಾಸ್ತಿಯಾಯಿತು. ಸೋಫಾದಲ್ಲಿ ಅಪ್ಪನ ಪಕ್ಕ ಬಿಟ್ಟು ಆ ತುದಿಗೆ ಹೋದಳು.

"ಯಾಕಮ್ಮಾ ಅಷ್ಟು ದೂರ?"

"ಇಲ್ಲಿ ಫ್ಯಾನ್ ಗಾಳಿ ಚೆನ್ನಾಗಿ ಬರುತ್ತೆ."

ಆ ತುದಿಗೆ ಫ್ಯಾನ್ ಗಾಳಿ ಬರುವುದಿಲ್ಲ.

ಪ್ರವಾಸದ ಯೋಚನೆ ಅಲ್ಲಿಂದ ಹುಟ್ಟಿತು. ಕಾಡಿನೊಳಗೆ ಹರಿಯುವ ನದಿ, ಕೆನೂ ಎಂಬ ಉದ್ದನೆಯ ಸಪೂರ ದೋಣಿ, ಗಾಳದ ಕೋಲು, ದಡದಲ್ಲಿ ಡೇರೆ, ನಾಲ್ಕು ದಿನ. ಹಿಂದೆ ಅವರು ಕೂತು ಹುಟ್ಟು ಹಾಕುವುದು, ಮುಂದೆ ಮಗಳು. ಹೆಂಡತಿಗೆ ಅವರು ಕೊಟ್ಟ ವಿವರಣೆ ಒಂದೇ ಸಾಲಿನದು: "ನಾಲ್ಕು ದಿನ ಎಲ್ಲರೂ ಒಂದೇ ವಾಸನೆ ಹೊಡೀತೀವಿ."

"ಸ್ನಾನ ಇಲ್ಲ, ಕಕ್ಕಸು ಇಲ್ಲ, ಸೊಳ್ಳೆ ಬೇರೆ. ನನಗೇನು ತಲೆ ಕೆಟ್ಟಿಲ್ಲ. ನೀವೇ ಹೋಗ್ಬನ್ನಿ," ಎಂದರು ಹೆಂಡತಿ.

ಒಂದೇ ತೊಡಕು. ಒಂಟಿ ದೋಣಿಗೆ ನದಿ ಕಚೇರಿ ಪರವಾನಗಿ ಕೊಡುವುದಿಲ್ಲ. ಕನಿಷ್ಠ ಎರಡು ದೋಣಿ, ಎರಡರಲ್ಲೂ ಒಬ್ಬೊಬ್ಬರು ದೊಡ್ಡವರು ಇರಬೇಕು. ಟ್ಯಾಂಕರಣ್ಣ ವಿಧಿಯಿಲ್ಲದೆ ಹೆಂಡತಿಯ ಅಣ್ಣನ ಬಳಿ ಹೋದರು.

ಭಾವನದು ಸ್ನಾನದ ಮನೆ ಸಾಮಾನಿನ ಅಂಗಡಿ. ಅಲ್ಲಿ ಕಮೋಡುಗಳು ಕಟ್ಟೆಯ ಮೇಲೆ, ಒಂದೊಂದಕ್ಕೆ ಒಂದೊಂದು ದೀಪದ ಕೆಳಗೆ ಹೊಳೆಯುತ್ತವೆ. "ನಾವಿಬ್ರೂ ಒಂದೇ ಲೈನು ಬಿಡಿ ಡ್ರೈವರ್ ಸಾಹೇಬ್ರೇ," ಎಂಬುದು ಅವರ ಖಾಯಂ ಹಾಸ್ಯ. "ನಂದು ಮೇಲಿನ ತುದಿ, ನಿಮ್ದು ಕೆಳಗಿನ ತುದಿ." ಹದಿನಾಲ್ಕು ವರ್ಷದಿಂದ ಇದನ್ನೇ ಹೇಳಿ, ಪ್ರತಿಸಲವೂ ತಾವೇ ಮೊದಲು ನಗುತ್ತಾರೆ. ಪ್ರವಾಸದ ಮಾತು ಕಿವಿಗೆ ಬಿದ್ದದ್ದೇ ತಡ, ಅದು ಅವರ ಪ್ರವಾಸವಾಯಿತು.

ಮುಂದಿನ ಭಾನುವಾರ ಭಾವನ ಊಟದ ಮೇಜಿನ ಮೇಲೆ ನದಿಯ ನಕ್ಷೆ ಹರಡಿತ್ತು. ಅದರ ಪಕ್ಕ ಬಿಸ್ಕತ್ತಿನ ತಟ್ಟೆ, ತಟ್ಟೆಗೆ ಒತ್ತಿಕೊಂಡೇ ಎರೆಹುಳ ತುಂಬಿದ ಜಾಮಿನ ಬಾಟಲಿ. ಭಾವನಿಗೆ ಇಬ್ಬರು ಗಂಡುಮಕ್ಕಳು. ದೊಡ್ಡವನು ಬೆಣ್ಣೆ ಹಚ್ಚುವ ಚಾಕುವಿನಿಂದ ಒಂದು ಹುಳವನ್ನು ಎರಡು ಮಾಡಿ, ಎರಡೂ ಒದ್ದಾಡುವುದನ್ನು ತೋರಿಸಿದ. ಚಾಕು ಒರೆಸಿ ಮತ್ತೆ ಬೆಣ್ಣೆಯ ಡಬ್ಬಿಗೆ ಇಟ್ಟ. ಟ್ಯಾಂಕರಣ್ಣ ಕೈಯಲ್ಲಿದ್ದ ಬಿಸ್ಕತ್ತನ್ನು ಕೆಳಗಿಟ್ಟರು.

ಭಾವ ನಿಯಮಗಳ ಹಾಳೆ ಓದುತ್ತಿದ್ದರು. "ಏಳನೇದು. ದಡದಲ್ಲಿ ಶೌಚ ಮಾಡುವಂತಿಲ್ಲ. ಪ್ರತಿ ತಂಡವೂ ಭದ್ರ ಮುಚ್ಚಳದ ಬಕೆಟ್ ಒಯ್ಯತಕ್ಕದ್ದು. ತಂಡದ ಸಮಸ್ತ ಮಲವನ್ನು ಅದರಲ್ಲೇ ಹಿಂದೆ ತಂದು ಕಚೇರಿಯಲ್ಲಿ ತೋರಿಸತಕ್ಕದ್ದು. ಬಕೆಟ್ಟಿನ ಜವಾಬ್ದಾರರ ಹೆಸರು..."

ಹಾಳೆಯಲ್ಲಿ ಅಲ್ಲೊಂದು ಖಾಲಿ ಗೆರೆ ಇತ್ತು. ಯಾರೂ ಯಾರನ್ನೂ ಕೇಳಲಿಲ್ಲ. ಭಾವ ಬರೆದೇಬಿಟ್ಟರು.

"ಅಭ್ಯಾಸ ಇರೋರು ಮಾಡಿದ್ರೆ ಸಲೀಸು, ಅಲ್ವಾ? ದೋಣಿ ಲೆಕ್ಕಾನೂ ಸರಿಹೋಗುತ್ತೆ. ಮೂರೂ ಮಕ್ಕಳು ನನ್ನ ಜೊತೆ. ಸಾಮಾನು, ಡೇರೆ, ಬಕೆಟ್ಟು ನಿಮ್ಮ ದೋಣೀಲಿ. ಬಕೆಟ್ ದೋಣಿ ಸ್ವಲ್ಪ ಹಿಂದೇನೇ ಬರ್ಲಿ, ಗಾಳಿ ನೋಡ್ಕೊಂಡು."

ಹುಡುಗರು ಕಿಸಕ್ಕೆಂದರು. ಟ್ಯಾಂಕರಣ್ಣ ಮಗಳ ಕಡೆ ನೋಡಿದರು. ಅವಳು ನಕ್ಷೆಯ ಮೇಲೆ ಬೆರಳಾಡಿಸುತ್ತಾ, "ನಾನು ಮಾವನ ದೋಣೀಲಿ ಮುಂದೆ ಕೂರ್ತೀನಿ," ಎಂದಳು. ದೋಣಿ ಹಂಚಿದ್ದರಿಂದ ಅವಳಿಗೆ ಸಮಾಧಾನವೇ ಆಗಿತ್ತು, ಅದು ಎಲ್ಲರಿಗೂ ಕಾಣುತ್ತಿತ್ತು.

ಟ್ಯಾಂಕರಣ್ಣ ಅಂದು ಎದುರಾಡಲಿಲ್ಲ. ಭಾವ ಇಲ್ಲದಿದ್ದರೆ ಎರಡನೇ ದೋಣಿ ಇಲ್ಲ, ಎರಡನೇ ದೋಣಿ ಇಲ್ಲದಿದ್ದರೆ ನದಿಯೇ ಇಲ್ಲ. ಮಗಳು ಬೇರೆ ದೋಣಿಯಲ್ಲಾದರೂ ಕಣ್ಣೆದುರು ಇರುತ್ತಾಳೆ ಎಂದು ತಮಗೆ ತಾವೇ ಹೇಳಿಕೊಂಡು ಲಾರಿ ಹತ್ತಿದರು.

ಹೊರಡುವ ಮೊದಲು ಒಂದು ದಿನ ಮನೆಯ ಬಳಿಯೇ ಅಭ್ಯಾಸ ಮಾಡಿ ಎಂಬುದು ಕಚೇರಿಯ ಸಲಹೆ. ಭಾವ ತಮ್ಮ ಹಿತ್ತಲಲ್ಲಿ ಶನಿವಾರ ಎರಡು ಡೇರೆ ಹೊಡೆಸಿದರು. ಹಾಸ್ಟೆಲ್ಲೊಂದರ ಗುಂಡಿ ಉಕ್ಕಿದ್ದರಿಂದ ಟ್ಯಾಂಕರಣ್ಣನಿಗೆ ಹೋಗಲಾಗಲಿಲ್ಲ, ಮಗಳು ಹೋದಳು. ಭಾನುವಾರ ಬೆಳಗ್ಗೆ ಒಂಬತ್ತಕ್ಕೆ ಭಾವನ ಫೋನು. "ಸ್ವಲ್ಪ ಬನ್ನಿ. ಲಾರೀನೇ ತಗೊಂಡು ಬನ್ನಿ."

ಬಕೆಟ್ಟು ಬೇಲಿಯ ಪಕ್ಕ ಬಿಸಿಲಲ್ಲಿ ನಿಂತಿತ್ತು. ಒಳಗೆ ಹಾಕಬೇಕಾದ ಚೀಲಗಳೂ ವಾಸನೆ ಹೀರುವ ಪುಡಿಯೂ ಸೀಲು ಒಡೆಯದೆ ಹುಲ್ಲಿನ ಮೇಲೆ ಬಿದ್ದಿದ್ದವು. ಒಂದು ಹಗಲು, ಒಂದು ರಾತ್ರಿ ನಾಲ್ಕು ಜನ ಬಳಸಿದ್ದಾರೆ. ಮೀನು ಕೊಯ್ಯುವುದನ್ನು ಕಲಿಯಲು ತಂದ ಎರಡು ಮೀನಿನ ಕರುಳು, ಕಿವಿರು, ಪೊರೆ ಅದರ ಮೇಲೆಯೇ. ಅದರ ಮೇಲೆ ಒದ್ದೆ ಟಿಶ್ಯೂ, ಕಚ್ಚಿ ಬಿಟ್ಟ ಬ್ರೆಡ್ಡು. ಮುಚ್ಚಳ ಕೂರುತ್ತಿರಲಿಲ್ಲ. ಒಂದು ಬದಿಯಿಂದ ಕಂದು ನೀರು ಇಳಿದು ಹುಲ್ಲಿನಲ್ಲಿ ಗೆರೆ ಎಳೆದಿತ್ತು. ನೊಣಗಳು ಎದ್ದು ಮತ್ತೆ ಅಲ್ಲೇ ಕೂರುತ್ತಿದ್ದವು.

ಭಾವ ಹತ್ತು ಮಾರು ದೂರದಲ್ಲಿ, ಸೆಂಟು ಹಾಕಿದ ಕರ್ಚೀಫು ಹಿಡಿದು ನಿಂತಿದ್ದರು. "ನಿಮ್ಮ ಕೈಗೆ ಎರಡು ನಿಮಿಷದ ಕೆಲಸ. ನಮಗಾಗಲ್ಲ ಮಾರಾಯ್ರೇ, ವಾಂತಿ ಬರುತ್ತೆ."

"ಟ್ಯಾಂಕರ್ ಮಾವಂಗೆ ಏನೂ ಆಗಲ್ಲ," ಎಂದ ಚಿಕ್ಕವನು. "ಅವರಿಗೆ ವಾಸನೇನೇ ಗೊತ್ತಾಗಲ್ವಂತೆ."

"ಯಾರು ಹೇಳಿದ್ದೋ?" ಕೇಳಿದರು ಟ್ಯಾಂಕರಣ್ಣ.

ಹುಡುಗ ಮಗಳ ಕಡೆ ನೋಡಿದ. ಅವಳು ಡೇರೆಯ ಗೂಟವನ್ನು ಕಾಲಿನಿಂದ ಒತ್ತುತ್ತಿದ್ದಳು.

"ಗೊತ್ತಾಗುತ್ತೆ," ಎಂದರು ಟ್ಯಾಂಕರಣ್ಣ. ದನಿ ಏರಲಿಲ್ಲ. "ಹತ್ತೊಂಬತ್ತು ವರ್ಷದಿಂದ ದಿನಾ ಗೊತ್ತಾಗುತ್ತೆ. ಈಗಲೂ ಗೊತ್ತಾಗ್ತಿದೆ."

ಮಗಳು ತಲೆ ಎತ್ತಿದಳು. "ಮತ್ತೆ ನೀನು ಯಾವತ್ತೂ ಮೂಗೇ ಮುಚ್ಕೊಳಲ್ಲ?"

"ಎರಡೂ ಕೈಯಲ್ಲಿ ಪೈಪ್ ಇರುತ್ತಲ್ಲಮ್ಮ."

ಅವಳಿಗೆ ಅದು ಹೊಸ ವಿಷಯ. ಅಪ್ಪನ ಮೂಗು ಎಂದೋ ಸತ್ತಿದೆ, ಆದ್ದರಿಂದ ತಾನು ದೂರ ಕೂತದ್ದು ಯಾಕೆಂದು ಅಪ್ಪನಿಗೆ ಗೊತ್ತಾಗುವುದಿಲ್ಲ ಎಂದೇ ಅವಳು ನಂಬಿದ್ದಳು.

"ಆಯ್ತು, ಆಯ್ತು," ಎಂದರು ಭಾವ. "ಮುಚ್ಚಿ ಲಾರಿಗೆ ಹಾಕ್ಕೊಳ್ಳಿ."

"ಮೊದಲು ಬಂದು ನೋಡಿ ಭಾವ."

"ನೋಡೋದೇನಿದೆ ಅದರಲ್ಲಿ!"

"ನಿಮ್ಮದಿದೆ. ಮಕ್ಕಳದ್ದಿದೆ. ನಂದು ಮಾತ್ರ ಏನೂ ಇಲ್ಲ. ನಾನು ಯಾಕೆ ಎತ್ತಲಿ?"

"ಹೆಸರು ಬರ್ದಿದೀವಲ್ರೀ!"

"ಬರೆದೋರು ನೀವು."

ಟ್ಯಾಂಕರಣ್ಣ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತರು. ಎತ್ತಿದ್ದರೆ ಪ್ರವಾಸ ಉಳಿಯುತ್ತಿತ್ತು, ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಪಕ್ಕದ ಮನೆಯ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತಿದ್ದವು. ಕೊನೆಗೆ ಭಾವನೇ ಪ್ಯಾಂಟು ಮಡಚಿದರು. "ಪುಡಿ ಪೂರ್ತಿ ಸುರೀರಿ. ಗಾಳಿ ಆ ಕಡೆಯಿಂದ ಬರ್ತಿದೆ, ಈ ಕಡೆ ನಿಲ್ಲಿ. ಮುಚ್ಚಳ ಮೂಲೆಯಿಂದ ಒತ್ತಬೇಕು, ನಡುವಿನಿಂದ ಅಲ್ಲ," ಎಂದು ಟ್ಯಾಂಕರಣ್ಣ ನಿಂತಲ್ಲಿಂದಲೇ ಹೇಳಿಕೊಟ್ಟರು. ಭಾವ ಎರಡು ಸಲ ವಾಕರಿಸಿದರು, ಮೂರನೆಯದು ವಾಕರಿಕೆಯಷ್ಟೇ ಆಗಿ ಉಳಿಯಲಿಲ್ಲ. ಕಾರಿನ ಡಿಕ್ಕಿಯಲ್ಲಿ ವಾಷ್ ಬೇಸಿನ್ನುಗಳ ಸ್ಯಾಂಪಲ್ಲು ತುಂಬಿದ್ದರಿಂದ ಬಕೆಟ್ಟನ್ನು ಹಿಂದಿನ ಸೀಟಿಗೆ ಏರಿಸಿ, ಸೀಟ್ ಬೆಲ್ಟ್ ಬಿಗಿಯಬೇಕಾಯಿತು. ನಾಲ್ಕೂ ಕಿಟಕಿ ಇಳಿಸಿಕೊಂಡು ಕಾರು ಊರಾಚೆಯ ಶುದ್ಧೀಕರಣ ಘಟಕದ ದಾರಿ ಹಿಡಿಯಿತು.

ಮಗಳು ಲಾರಿ ಹತ್ತಿದಳು. ಮನೆಗೆ ಹೋಗಲು ಬೇರೆ ಗಾಡಿ ಇರಲಿಲ್ಲ.

"ಟ್ರಿಪ್ ಹೋಯ್ತಾ ಅಪ್ಪಾ?"

"ಹೋಯ್ತು ಅನ್ಸುತ್ತೆ."

"ನೀನು ಎತ್ತಿದ್ರೆ ಹೋಗಬಹುದಿತ್ತು."

"ಹೌದು."

ಅವಳು ಕಿಟಕಿ ಕಡೆ ಮುಖ ಮಾಡಿದಳು. ಗಾಜು ಇಳಿಸಲಿಲ್ಲ.

ಸಂಜೆ ಭಾವ ತಂಗಿಗೆ ಫೋನು ಮಾಡಿ, ಬೆನ್ನು ಹಿಡಿದುಕೊಂಡಿದೆ, ಹುಟ್ಟು ಹಾಕಲು ಡಾಕ್ಟರು ಬೇಡವೆನ್ನುತ್ತಾರೆ ಎಂದರು.

"ಭಾನುವಾರ ಯಾವ ಡಾಕ್ಟರಣ್ಣಾ?" ಎಂದು ತಂಗಿ ಕೇಳಿದರು. ಆ ಕಡೆಯಿಂದ ಬಂದ ಉತ್ತರ ಉದ್ದವಿತ್ತು. ಅದರಲ್ಲಿ 'ಕೊಬ್ಬು' ಎಂಬ ಮಾತು ಎರಡು ಸಲ ಕೇಳಿಸಿತು. "ಅವರ ಕೊಬ್ಬು ಹಾಗಿರ್ಲಿ. ನಿನ್ನ ಬಕೆಟ್ಟನ್ನ ನನ್ನ ಗಂಡ ಹೊರಬೇಕು ಅಂತ ಯಾವ ಪುಸ್ತಕದಲ್ಲಿ ಬರೆದಿದೆ? ನೀನು ಮಾರೋ ಕಮೋಡಿನಲ್ಲಿ ಹೂವು ಬೆಳೆಯುತ್ತಾ?" ಎಂದು ಫೋನಿಟ್ಟರು. ಸೆರಗಿನಿಂದ ಫೋನನ್ನು ಒರೆಸಿ, ಗಂಡನ ಕಡೆ ತಿರುಗಿದರು.

"ಎರಡು ದೋಣಿ, ಇಬ್ಬರು ದೊಡ್ಡೋರು. ಅಷ್ಟೇ ತಾನೆ?"

"ಅಷ್ಟೇ."

"ಇನ್ನೊಂದರಲ್ಲಿ ನಾನು ಕೂರ್ತೀನಿ. ಸೊಳ್ಳೆ ಕಚ್ಚಿದ್ರೆ ನಿಮಗಿದೆ."

ಮೂರು ಭಾನುವಾರ ಊರ ಕೆರೆಯಲ್ಲಿ ಅಭ್ಯಾಸ ನಡೆಯಿತು. ಹೆಂಡತಿಯ ದೋಣಿ ಇದ್ದಲ್ಲೇ ಸುತ್ತು ಹೊಡೆಯಿತು. ಬಲಕ್ಕೆ ಹಾಕಿ ಎಂದರೆ ಎಡಕ್ಕೆ, ನಿಲ್ಲಿಸಿ ಎಂದರೆ ಇನ್ನೂ ಜೋರಾಗಿ. ಮಗಳು ದಡದಲ್ಲೇ ಕೂತು ನೋಡಿದಳು, ಯಾರ ದೋಣಿಯನ್ನೂ ಹತ್ತಲಿಲ್ಲ. ಟ್ಯಾಂಕರಣ್ಣ ಕರೆಯಲೂ ಇಲ್ಲ.

ಅರ್ಜಿಯ ಕೊನೆಯ ದಿನ ಮೂವರೂ ನದಿ ಕಚೇರಿಯ ಕೌಂಟರಿನ ಮುಂದೆ ನಿಂತರು. ಗುಮಾಸ್ತೆ ಕನ್ನಡಕದ ಮೇಲಿನಿಂದ ನೋಡುತ್ತಾ ಒಂದೊಂದೇ ಖಾನೆ ತುಂಬಿಸಿದರು.

"ಬಕೆಟ್ಟಿನ ಜವಾಬ್ದಾರರು?"

"ಮೂವರೂ," ಎಂದರು ಹೆಂಡತಿ. "ಸರದಿ ಪ್ರಕಾರ."

"ಒಂದೇ ಹೆಸರಿಗೆ ಜಾಗ ಇರೋದು ಮೇಡಂ."

"ಸಣ್ಣಗೆ ಬರೀರಿ."

ಗುಮಾಸ್ತೆ ಸಣ್ಣಗೆ ಬರೆದರು. "ಮಗು ಯಾವ ದೋಣಿ?"

ಟ್ಯಾಂಕರಣ್ಣ ಗೋಡೆಯ ಮೇಲಿದ್ದ ಮೀನುಗಳ ಚಿತ್ರಪಟವನ್ನು ಓದತೊಡಗಿದರು. ಮೇಲಿನ ಸಾಲು ಮುಗಿಸಿ ಎರಡನೆಯದಕ್ಕೆ ಬಂದಿದ್ದರು.

"ಅಪ್ಪನ ದೋಣಿ," ಎಂದಳು ಮಗಳು.

ಗುಮಾಸ್ತೆ ಗುರುತು ಹಾಕಿದರು. ಹೆಂಡತಿ ಮಗಳ ಮುಖ ನೋಡಿದರು. ಅಪ್ಪನೂ ತಿರುಗಿದ್ದನ್ನು ಕಂಡು ಅವಳು ಬೇಗ ಸೇರಿಸಿದಳು:

"ಅಮ್ಮಂಗೆ ಹುಟ್ಟು ಹಾಕೋಕೆ ಬರಲ್ಲ, ಅದಕ್ಕೆ."